ವಾರಾಂತ್ಯದ ಬಿಡುವು ಮತ್ತು ಕೈತೋಟದ ಕೀಟಗಳು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ವಾರವಿಡೀ ದುಡಿದು ದಣಿದವರಿಗೆ ಮನೆಯ ಕೈತೋಟವು ವಾರಾಂತ್ಯದಲ್ಲಿ ನೆಮ್ಮದಿ ಕೊಡುವ ಜಾಗವಾಗಬೇಕು. ಆದರೆ ಎಷ್ಟೋ ಮನೆಗಳಲ್ಲಿ ಅದು ಹೊಸದೊಂದು ಚಿಂತೆಯಾಗಿ ಬಿಡುತ್ತದೆ. ಮುಟುರಿಕೊಂಡ ಎಲೆ, ಅಂಟಂಟಾದ ಕುಡಿ, ತೂತುಬಿದ್ದ ಸೊಪ್ಪು ಕಣ್ಣಿಗೆ ಬಿದ್ದೊಡನೆ ಮನೆಯವರು ಗಾಬರಿಗೊಂಡು, ಕೀಟ ಯಾವುದೆಂದು ತಿಳಿಯುವ ಮೊದಲೇ ಯಾವುದಾದರೊಂದು ವಿಷವನ್ನು ತಂದು ಸಿಂಪಡಿಸುತ್ತಾರೆ. ಕೆಲವು ದಿನ ಗಿಡ ಸುಧಾರಿಸಿದಂತೆ ಕಂಡು, ಬಳಿಕ ಅದೇ ಕೀಟ ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ.

ಇದಕ್ಕೆ ಪರಿಹಾರ ಸರಳವಾಗಿದೆ. ವಾರಕ್ಕೊಮ್ಮೆ ಅವಸರವಿಲ್ಲದೆ ಎಲ್ಲ ಗಿಡಗಳನ್ನೂ ಹತ್ತಿರದಿಂದ ನೋಡುವ ಅಭ್ಯಾಸವೊಂದಿದ್ದರೆ ಕೈತೋಟದ ಬಹುಪಾಲು ಕೀಟಗಳನ್ನು ಕೈ, ನೀರು ಮತ್ತು ಸಾಬೂನುಗಳಿಂದಲೇ ಹದ್ದುಬಸ್ತಿನಲ್ಲಿಡಬಹುದು. ವಾರಕ್ಕೊಮ್ಮೆ ಎಂದು ಹೇಳುವುದಕ್ಕೆ ಕಾರಣವಿದೆ. ಬೆಚ್ಚನೆಯ ದಿನಗಳಲ್ಲಿ ಒಂದು ಗಿಡಹೇನು ಹುಟ್ಟಿದ ಏಳರಿಂದ ಹತ್ತು ದಿನಗಳೊಳಗೆ ತಾನೇ ಮರಿ ಹಾಕುವಷ್ಟು ಬೆಳೆಯುತ್ತದೆ. ಹೆಣ್ಣು ಹೇನು ಗಂಡಿನ ನೆರವಿಲ್ಲದೆಯೇ ನೇರವಾಗಿ ಜೀವಂತ ಮರಿಗಳನ್ನು ಹಾಕುವುದರಿಂದ ಸಂಖ್ಯೆ ಬೇಗ ಏರುತ್ತದೆ. ಏಳು ದಿನಗಳಿಗೊಮ್ಮೆ ನೋಡುವವರ ಕಣ್ಣಿಗೆ ಪ್ರತಿಯೊಂದು ತಲೆಮಾರೂ ಬಲಿಯುವ ಹೊತ್ತಿಗೆ ಒಮ್ಮೆಯಾದರೂ ಬೀಳುತ್ತದೆ. ತಿಂಗಳಿಗೊಮ್ಮೆ ನೋಡುವವರಿಗೆ ಕಾಣುವುದು ಮೂರು ನಾಲ್ಕು ತಲೆಮಾರುಗಳು ಒಟ್ಟಾಗಿ ಕುಳಿತ ಗಿಡ ಮಾತ್ರ.

ಮೊದಲ ಹಂತ: ಹೊತ್ತು ಮತ್ತು ಸಲಕರಣೆಗಳ ಸಿದ್ಧತೆ

ವಾರಾಂತ್ಯದ ಮೊದಲ ದಿನದ ಬೆಳಗ್ಗೆ, ಬಿಸಿಲು ಏರುವ ಮೊದಲಿನ ಅರ್ಧ ಗಂಟೆಯನ್ನು ಈ ಕೆಲಸಕ್ಕೆ ಮೀಸಲಿಡುವುದು ಒಳ್ಳೆಯದು. ತಂಪು ಹೊತ್ತಿನಲ್ಲಿ ಕೀಟಗಳು ಚುರುಕಾಗಿರುವುದಿಲ್ಲವಾದ್ದರಿಂದ ಅವುಗಳನ್ನು ಗುರುತಿಸುವುದೂ ಹಿಡಿಯುವುದೂ ಸುಲಭ. ದೊಡ್ಡ ತೋಟವಾದರೆ ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸುವ ಹಟ ಬೇಡ. ಅರ್ಧವನ್ನು ಮೊದಲ ದಿನ, ಉಳಿದರ್ಧವನ್ನು ಮರುದಿನ ನೋಡಬಹುದು. ಬಿಡುವಿನ ದಿನದ ಸಂತೋಷವನ್ನು ಈ ಕೆಲಸ ಕಸಿದುಕೊಳ್ಳುವಂತಾದರೆ ಮೂರನೆಯ ವಾರಕ್ಕೇ ಅದು ನಿಂತುಹೋಗುತ್ತದೆ ಎಂಬುದನ್ನು ನೆನಪಿಡಬೇಕು.

ಬೇಕಾಗುವ ವಸ್ತುಗಳು ಕೆಲವೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಕನ್ನಡಿ, ಒಂದು ಬಿಳಿ ಹಾಳೆ, ಸಣ್ಣ ಕತ್ತರಿ, ಹಳೆಯ ಮೃದುವಾದ ಹಲ್ಲುಜ್ಜುವ ಬ್ರಷ್, ಕೈಗವಸು, ಸಾಬೂನು ನೀರು ತುಂಬಿದ ಅಗಲ ಬಾಯಿಯ ಡಬ್ಬಿ, ಸ್ಪ್ರೇ ಬಾಟಲಿ ಮತ್ತು ಒಂದು ನೋಟ್ ಪುಸ್ತಕ. ಇವುಗಳಲ್ಲಿ ಭೂತಕನ್ನಡಿ ಮತ್ತು ನೋಟ್ ಪುಸ್ತಕಗಳನ್ನು ಅನೇಕರು ಅನಗತ್ಯವೆಂದು ಭಾವಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಉಳಿದೆಲ್ಲಕ್ಕಿಂತ ಇವೆರಡೇ ಮುಖ್ಯ. ಯಾವ ಗಿಡದಲ್ಲಿ ಯಾವ ದಿನ ಏನು ಕಂಡಿತು, ಏನು ಮಾಡಲಾಯಿತು ಎಂಬ ಎರಡು ಸಾಲಿನ ಟಿಪ್ಪಣಿಯಿಲ್ಲದೆ ಕೀಟ ಹೆಚ್ಚಾಗುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂದು ಹೇಳಲು ಸಾಧ್ಯವಿಲ್ಲ.

ಎರಡನೆಯ ಹಂತ: ಗಿಡವನ್ನು ನೋಡುವ ಕ್ರಮ

ಗಿಡದ ಮುಂದೆ ನಿಂತು ಮೇಲಿನಿಂದ ಕಣ್ಣು ಹಾಯಿಸಿದರೆ ಕೀಟ ಕಾಣುವುದಿಲ್ಲ. ಬಹುತೇಕ ರಸ ಹೀರುವ ಕೀಟಗಳು ಎಲೆಯ ಅಡಿಭಾಗದಲ್ಲಿ, ಎಳೆಯ ಕುಡಿಯ ಮಡಿಕೆಗಳಲ್ಲಿ ಮತ್ತು ಎಲೆ ಕಾಂಡಕ್ಕೆ ಸೇರುವ ಕಂಕುಳಲ್ಲಿ ನೆಲೆಸುತ್ತವೆ. ಆದ್ದರಿಂದ ಪ್ರತಿ ಗಿಡದಲ್ಲಿ ಮೊದಲು ತುದಿಯ ಚಿಗುರನ್ನೂ, ಬಳಿಕ ನಡುವಿನ ಮೂರು ನಾಲ್ಕು ಎಲೆಗಳನ್ನು ಮಗುಚಿ ಅವುಗಳ ಹಿಂಬದಿಯನ್ನೂ, ಕೊನೆಗೆ ಬುಡದ ಎಲೆಗಳನ್ನೂ ಮಣ್ಣಿನ ಮೇಲ್ಮೈಯನ್ನೂ ನೋಡಬೇಕು. ಇದಕ್ಕೆ ಒಂದು ಗಿಡಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಕಿಲ್ಲ.

ಎಲೆಗಳು ಕಳೆಗುಂದಿ ಸಣ್ಣ ಸಣ್ಣ ಬಿಳಿ ಚುಕ್ಕೆಗಳಿಂದ ತುಂಬಿದ್ದರೆ ಅದರ ಕೆಳಗೆ ಬಿಳಿ ಹಾಳೆಯನ್ನು ಹಿಡಿದು ರೆಂಬೆಯನ್ನು ಎರಡು ಮೂರು ಬಾರಿ ತಟ್ಟಬೇಕು. ಹಾಳೆಯ ಮೇಲೆ ಬಿದ್ದ ಧೂಳಿನ ಕಣಗಳಂಥವು ನಿಧಾನವಾಗಿ ಚಲಿಸತೊಡಗಿದರೆ ಅವು ಮೈಟ್ ನುಸಿಗಳು. ಸಪೂರವಾಗಿ ಉದ್ದಕ್ಕಿದ್ದು ಬೇಗ ಬೇಗ ಓಡಿದರೆ ಅವು ಥ್ರಿಪ್ಸ್ ಎಂಬ, ಎಲೆಯ ರಸ ಹೀರುವ ಪುಟ್ಟ ಕೀಟಗಳು. ಬರಿಗಣ್ಣಿಗೆ ಒಂದೇ ರೀತಿ ಕಾಣುವ ಈ ಎರಡನ್ನು ಬೇರ್ಪಡಿಸಲು ಇದಕ್ಕಿಂತ ಸುಲಭವಾದ ಪರೀಕ್ಷೆಯಿಲ್ಲ.

ಇರುವೆಗಳ ಸಾಲೊಂದು ಕಾಂಡವನ್ನೇರುತ್ತಿದ್ದರೆ ಅದನ್ನು ಕೊನೆಯವರೆಗೆ ಹಿಂಬಾಲಿಸುವುದು ಒಳ್ಳೆಯದು. ಗಿಡಹೇನು, ಹಿಟ್ಟು ತಿಗಣೆ ಮತ್ತು ಶಲ್ಕ ಕೀಟಗಳು ಹೊರಹಾಕುವ ಸಿಹಿ ಅಂಟಿಗಾಗಿ ಇರುವೆಗಳು ಅವುಗಳನ್ನು ಕಾಯುತ್ತವೆ. ಅವುಗಳನ್ನು ತಿನ್ನಲು ಬರುವ ಕೀಟಗಳನ್ನು ಓಡಿಸುತ್ತವೆ. ಕೆಳಗಿನ ಎಲೆಗಳ ಮೇಲೆ ಕಾಡಿಗೆ ಬಳಿದಂತೆ ಕಪ್ಪು ಬೂಷ್ಟು ಕಂಡರೆ ಅದೂ ಅದೇ ಅಂಟಿನ ಮೇಲೆ ಬೆಳೆದ ಶಿಲೀಂಧ್ರ. ಬೂಷ್ಟಿಗೆ ಔಷಧಿ ಹುಡುಕುವ ಬದಲು ಅದರ ಮೇಲಿರುವ ಎಲೆಗಳ ಹಿಂಬದಿಯಲ್ಲಿ ಅಂಟು ಸುರಿಸುತ್ತಿರುವ ಕೀಟವನ್ನು ಹುಡುಕಬೇಕು.

ಮೂರನೆಯ ಹಂತ: ಕೀಟವನ್ನು ಹೆಸರಿಟ್ಟು ಗುರುತಿಸುವುದು

ಕೈತೋಟದ ಕೀಟಗಳನ್ನು ರಸ ಹೀರುವವು, ಎಲೆ ಜಗಿಯುವವು ಎಂದು ಎರಡಾಗಿ ವಿಂಗಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಎಲೆ ಮುಟುರಿಕೊಂಡಿದ್ದರೆ, ಬಣ್ಣಗೆಟ್ಟಿದ್ದರೆ, ಅಂಟಾಗಿದ್ದರೆ ಅದು ರಸ ಹೀರುವ ಕೀಟದ ಕೆಲಸ. ಎಲೆಯಲ್ಲಿ ತೂತು ಅಥವಾ ಅಂಚಿನಲ್ಲಿ ಕಚ್ಚು ಇದ್ದರೆ ಜಗಿಯುವ ಕೀಟದ್ದು.

ಗಿಡಹೇನುಗಳು ಹಸಿರು, ಕಪ್ಪು ಅಥವಾ ಹಳದಿ ಬಣ್ಣದ್ದಾಗಿದ್ದು ಎಳೆಯ ಕುಡಿಗಳಲ್ಲಿ ಗುಂಪುಗುಂಪಾಗಿ ಕೂರುತ್ತವೆ. ಬಿಳಿ ನೊಣಗಳು ಗಿಡವನ್ನು ಅಲುಗಿಸಿದೊಡನೆ ಬೂದಿ ಹಾರಿದಂತೆ ಮೇಲೇಳುತ್ತವೆ. ಆದರೆ ಹಾನಿಯ ದೊಡ್ಡ ಪಾಲನ್ನು ಮಾಡುವುದು ಎಲೆಯ ಅಡಿಗೆ ಅಂಟಿಕೊಂಡಿರುವ, ರೆಕ್ಕೆಯಿಲ್ಲದ ಅವುಗಳ ಮರಿಗಳು. ಹಿಟ್ಟು ತಿಗಣೆಯ ಮೈಮೇಲೆ ಬಿಳಿ ಮೇಣದ ಹೊದಿಕೆಯಿರುತ್ತದೆ. ಈ ಮೇಣದ ಕಾರಣದಿಂದಲೇ ನೀರಿನಂತಹ ಸಿಂಪಡಣೆ ಅದರ ಮೈಗೆ ತಾಗದೆ ಜಾರಿಹೋಗುತ್ತದೆ. ಶಲ್ಕ ಕೀಟಗಳು ಕಾಂಡದ ಮೇಲೆ ಕಂದು ಬಣ್ಣದ ಸಣ್ಣ ಉಬ್ಬುಗಳಂತೆ ಕಾಣುವುದರಿಂದ ಅನೇಕರು ಅವುಗಳನ್ನು ಗಿಡದ ಭಾಗವೆಂದೇ ತಿಳಿಯುತ್ತಾರೆ. ಉಗುರಿನಿಂದ ಕೆರೆದಾಗ ಉಬ್ಬು ಕಳಚಿ ಬಂದರೆ ಅದು ಕೀಟವೆಂದು ಖಚಿತ. ಮೈಟ್ ನುಸಿಗಳು ಬಿಸಿ ಮತ್ತು ಒಣ ಹವೆಯಲ್ಲಿ ಹೆಚ್ಚುತ್ತವೆ. ತೀವ್ರವಾದಾಗ ಎಲೆಗಳ ನಡುವೆ ನವಿರಾದ ಬಲೆ ಕಾಣಿಸುತ್ತದೆ. ಅವು ಕೀಟಗಳಲ್ಲ, ಎಂಟು ಕಾಲಿನ ಜೇಡಗಳ ಬಳಗಕ್ಕೆ ಸೇರಿದವು. ಆದ್ದರಿಂದಲೇ ಕೀಟಗಳಿಗೆಂದು ತಯಾರಿಸಿದ ಹಲವು ಔಷಧಿಗಳು ಅವುಗಳ ಮೇಲೆ ಕೆಲಸ ಮಾಡುವುದಿಲ್ಲ.

ಜಗಿಯುವವುಗಳಲ್ಲಿ ಮುಖ್ಯವಾದವು ಚಿಟ್ಟೆ ಮತ್ತು ಪತಂಗಗಳ ಮರಿಹುಳುಗಳು. ಎಲೆಯ ಮೇಲೆ ಕಪ್ಪು ಅಥವಾ ಹಸಿರು ಹಿಕ್ಕೆ ಬಿದ್ದಿದ್ದರೆ ಹುಳು ಅದರ ಮೇಲಿನ ಯಾವುದಾದರೂ ಎಲೆಯಲ್ಲಿದೆ ಎಂದರ್ಥ. ಎಲೆಯ ಮೇಲೆ ಬಿಳಿ ಅಂಕುಡೊಂಕು ಗೆರೆಗಳಿದ್ದರೆ ಅದು ರಂಗೋಲಿ ಹುಳುವಿನ ಗುರುತು. ಈ ಮರಿಹುಳು ಎಲೆಯ ಎರಡು ಪದರಗಳ ನಡುವೆ ಸುರಂಗ ಕೊರೆಯುವುದರಿಂದ ಮೇಲಿನಿಂದ ಸಿಂಪಡಿಸಿದ್ದು ಅದನ್ನು ತಲುಪುವುದು ಕಷ್ಟ. ಬಸವನಹುಳುಗಳೂ ಅವುಗಳ ಚಿಪ್ಪಿಲ್ಲದ ಸೋದರರೂ ರಾತ್ರಿ ತಿಂದು ಹಗಲು ಅಡಗುತ್ತವೆ, ಬೆಳಗ್ಗೆ ಮಿನುಗುವ ಲೋಳೆಯ ಜಾಡು ಮಾತ್ರ ಉಳಿದಿರುತ್ತದೆ.

ಎಲೆಯಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ನಯವಾದ ಅರ್ಧಚಂದ್ರಾಕಾರದ ತುಂಡುಗಳು ಮಾಯವಾಗಿದ್ದರೆ ಏನೂ ಮಾಡುವ ಅಗತ್ಯವಿಲ್ಲ. ಅದು ಎಲೆ ಕತ್ತರಿಸುವ ಒಂಟಿ ಜೇನಿನ ಕೆಲಸ. ಆ ತುಂಡುಗಳನ್ನು ಅದು ತಿನ್ನುವುದಿಲ್ಲ, ಗೂಡಿನ ಒಳಗೋಡೆಗೆ ಹಾಸುತ್ತದೆ. ತೋಟದ ಹೂವುಗಳ ಪರಾಗಸ್ಪರ್ಶಕ್ಕೂ ನೆರವಾಗುತ್ತದೆ. ಹಾಗೆಯೇ ಬುಡದ ಒಂದೆರಡು ಎಲೆಗಳು ಹಳದಿಯಾಗಿ ಉದುರುವುದು ಅನೇಕ ಬಾರಿ ನೀರಿನ ಏರುಪೇರಿನಿಂದ ಅಥವಾ ಎಲೆಯ ವಯಸ್ಸಿನಿಂದ ಆಗುವಂಥದ್ದು. ಕೀಟ ಕಣ್ಣಿಗೆ ಕಾಣದೆ ಕೀಟದ ಔಷಧಿ ಹೊಡೆಯಬಾರದು ಎಂಬ ನಿಯಮವನ್ನು ಮನೆಯವರೆಲ್ಲರೂ ಒಪ್ಪಿಕೊಂಡರೆ ಅರ್ಧದಷ್ಟು ಸಿಂಪಡಣೆ ತಾನಾಗಿಯೇ ನಿಲ್ಲುತ್ತದೆ.

ನಾಲ್ಕನೆಯ ಹಂತ: ಮಿತ್ರ ಕೀಟಗಳನ್ನು ಉಳಿಸಿಕೊಳ್ಳುವುದು

ಕೈತೋಟದಲ್ಲಿ ಅತ್ಯಂತ ಹೆಚ್ಚು ತಪ್ಪು ನಡೆಯುವುದು ಇಲ್ಲಿಯೇ. ಗುಲಗಂಜಿ ಹುಳುವನ್ನು ಬಹುತೇಕರು ಬಲ್ಲರು. ಆದರೆ ಅದರ ಮರಿಯನ್ನು ಬಲ್ಲವರು ಕಡಿಮೆ. ಕಪ್ಪು ಮೈ, ಕಿತ್ತಳೆ ಬಣ್ಣದ ಮಚ್ಚೆಗಳು, ಪುಟ್ಟ ಮೊಸಳೆಯಂತಹ ಆಕಾರ ಇರುವ ಈ ಮರಿಯನ್ನು ಕೆಡುಕಿನ ಹುಳುವೆಂದು ಹೊಸಕಿ ಹಾಕುವವರು ಬಹಳ. ಅದು ಬೆಳೆಯುವ ಅವಧಿಯಲ್ಲಿ ನೂರಾರು ಗಿಡಹೇನುಗಳನ್ನು ತಿನ್ನುತ್ತದೆ. ಹಿಟ್ಟು ತಿಗಣೆಗಳ ನಡುವೆ ಅವುಗಳಿಗಿಂತ ದೊಡ್ಡದಾದ, ಉದ್ದನೆಯ ಬಿಳಿ ಎಳೆಗಳಿರುವ, ಚುರುಕಾಗಿ ಓಡಾಡುವ ಜೀವಿಯೊಂದು ಕಂಡರೆ ಅದು ತಿಗಣೆಯಲ್ಲದೆ, ತಿಗಣೆಗಳನ್ನೇ ತಿನ್ನುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿಯಾಗಿರಬಹುದು. ಭೂತಕನ್ನಡಿ ಬೇಕೆನ್ನುವುದು ಇಂತಹ ಸಂದರ್ಭಕ್ಕಾಗಿ.

ಕೂದಲೆಳೆಯಂತಹ ದಾರದ ತುದಿಯಲ್ಲಿ ನಿಂತಿರುವ ಸಣ್ಣ ಮೊಟ್ಟೆಗಳು ಹಸಿರು ಲೇಸ್‌ವಿಂಗ್ ಕೀಟದವು. ಅವುಗಳ ಮರಿಗಳೂ ಗಿಡಹೇನುಗಳ ಶತ್ರುಗಳೇ. ಗಿಡಹೇನುಗಳ ಗುಂಪಿನಲ್ಲಿ ಕೆಲವು ಊದಿಕೊಂಡು, ಒಣಗಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಅವುಗಳೊಳಗೆ ಸಣ್ಣ ಪರತಂತ್ರ ಕಣಜದ ಮರಿ ಬೆಳೆಯುತ್ತಿದೆ ಎಂದು ತಿಳಿಯಬೇಕು. ಇಂತಹ ಗಿಡವನ್ನು ಒಂದು ವಾರ ಏನೂ ಮಾಡದೆ ಬಿಟ್ಟು, ಟಿಪ್ಪಣಿ ಬರೆದಿಟ್ಟು, ಮುಂದಿನ ವಾರ ನೋಡುವುದೇ ಸರಿಯಾದ ಕ್ರಮ.

ಈ ಜೀವಿಗಳ ಬಲವನ್ನು ಕಡಿಮೆ ಎಣಿಸಬಾರದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಹಾಳುಗೆಡವುತ್ತಿದ್ದ ಹತ್ತಿಯಂತಹ ಶಲ್ಕ ಕೀಟವನ್ನು, 1888 ಮತ್ತು 1889ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿ ಬಿಟ್ಟ ವೆಡಾಲಿಯ ಎಂಬ ಗುಲಗಂಜಿ ಹುಳುವು ಬಹುಬೇಗ ಹತೋಟಿಗೆ ತಂದಿತು. ಎಲ್ಲ ಕೀಟಗಳನ್ನೂ ಕೊಲ್ಲುವ ಪ್ರಬಲ ವಿಷವನ್ನು ಸಿಂಪಡಿಸಿದಾಗ ಮೊದಲು ಸಾಯುವುದು ಇಂತಹವೇ, ಮತ್ತೆ ಹೆಚ್ಚಾಗಲು ಬಹಳ ಕಾಲ ತೆಗೆದುಕೊಳ್ಳುವುದೂ ಇವೇ. ಸಿಂಪಡಿಸಿದ ಕೆಲವು ವಾರಗಳಲ್ಲಿ ಗಿಡಹೇನು ಮತ್ತು ನುಸಿ ಇಮ್ಮಡಿಯಾಗಿ ಮರಳುವುದಕ್ಕೆ ಇದೇ ಮುಖ್ಯ ಕಾರಣ. ಪಾತಿಯ ಅಂಚಿನಲ್ಲಿ ಸಣ್ಣ ಸಣ್ಣ ಹೂ ಬಿಡುವ ಕೆಲವು ಗಿಡಗಳನ್ನು ಬೆಳೆಸಿದರೆ ಕಣಜಗಳಿಗೂ, ಮರಿಯಾಗಿದ್ದಾಗ ಗಿಡಹೇನು ತಿನ್ನುವ ಸಿರ್ಫಿಡ್ ನೊಣಗಳಿಗೂ ಮಕರಂದ ದೊರೆತು ಅವು ತೋಟದಲ್ಲಿ ನೆಲೆಯೂರುತ್ತವೆ.

ಐದನೆಯ ಹಂತ: ಕೈ, ನೀರು, ಕತ್ತರಿ

ಕೀಟ ಕಂಡ ಬೆಳಗ್ಗೆಯೇ ಮಾಡಬೇಕಾದ ಕೆಲಸಗಳಿವು. ಗಿಡಹೇನು ಮತ್ತು ನುಸಿಗಳಿಗೆ ನೀರೇ ಮೊದಲ ಮದ್ದು. ಒಂದು ಕೈಯಿಂದ ಕುಡಿಯನ್ನು ಹಿಡಿದುಕೊಂಡು, ಎಲೆಯ ಅಡಿಗೆ ಬೀಳುವಂತೆ ಕೆಳಗಿನಿಂದ ಮೇಲಕ್ಕೆ ನೀರನ್ನು ರಭಸವಾಗಿ ಹಾಯಿಸಬೇಕು. ಗಿಡ ಮುರಿಯದಷ್ಟು, ಕೀಟ ಉದುರುವಷ್ಟು ರಭಸ ಸಾಕು. ಕೆಳಗೆ ಬಿದ್ದ ಗಿಡಹೇನುಗಳಲ್ಲಿ ಹೆಚ್ಚಿನವು ಗಿಡಕ್ಕೆ ಮರಳಲಾರವು. ಬೆಳಗ್ಗೆ ಇದನ್ನು ಮಾಡಿದರೆ ಎಲೆಗಳು ಬೇಗ ಒಣಗಿ ಶಿಲೀಂಧ್ರ ರೋಗದ ಭಯವೂ ಇರುವುದಿಲ್ಲ. ಎರಡು ಮೂರು ದಿನಗಳ ಅಂತರದಲ್ಲಿ ಮತ್ತೊಮ್ಮೆ ಹೀಗೆ ತೊಳೆದರೆ ಸಣ್ಣ ಪ್ರಮಾಣದ ಬಾಧೆ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ.

ಮರಿಹುಳುಗಳನ್ನು ಕೈಯಿಂದ ಆರಿಸಿ ಸಾಬೂನು ನೀರಿನ ಡಬ್ಬಿಗೆ ಹಾಕಬೇಕು. ರೋಮವಿರುವ ಕಂಬಳಿಹುಳುಗಳನ್ನು ಬರಿಗೈಯಿಂದ ಮುಟ್ಟಿದರೆ ಚರ್ಮ ತುರಿಸಿ ದದ್ದು ಏಳಬಹುದಾದ್ದರಿಂದ ಕೈಗವಸು ಕಡ್ಡಾಯ. ಎಲೆಯ ಹಿಂಬದಿಯಲ್ಲಿ ಗುಂಪಾಗಿಟ್ಟ ಮೊಟ್ಟೆಗಳು ಕಂಡರೆ ಆ ಎಲೆಯನ್ನೇ ಕತ್ತರಿಸಿ ತೆಗೆಯುವುದು ಲೇಸು, ಏಕೆಂದರೆ ಒಂದೇ ಎಲೆಯೊಂದಿಗೆ ಹತ್ತಾರು ಹುಳುಗಳು ಹೋಗುತ್ತವೆ. ರಂಗೋಲಿ ಹುಳು ಬಿದ್ದ ಎಲೆಗಳಿಗೂ ಇದೇ ಉಪಾಯ. ಶಲ್ಕ ಕೀಟಗಳನ್ನು ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ಕುಂಡದ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಹಿಟ್ಟು ತಿಗಣೆಯಿದ್ದರೆ ಶೇಕಡಾ 70ರ ರಬ್ಬಿಂಗ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದನ್ನೇ ಮುಟ್ಟಿದರೆ ಮೇಣದ ಹೊದಿಕೆ ಕರಗಿ ತಿಗಣೆ ಸಾಯುತ್ತದೆ. ಎಳೆಯ ಎಲೆಗಳಿಗೆ ಅದನ್ನು ಬಳಿಯಬಾರದು.

ಬಸವನಹುಳುಗಳ ವಿಷಯದಲ್ಲಿ ಸ್ವಲ್ಪ ವಿವರ ಬೇಕು. ಸಂಜೆ ಪಾತಿಯ ನಡುವೆ ಒದ್ದೆ ಹಲಗೆಯೊಂದನ್ನು ಸ್ವಲ್ಪ ಎತ್ತರಿಸಿ ಇಟ್ಟರೆ ರಾತ್ರಿ ತಿಂದು ಮುಗಿಸಿದವು ಬೆಳಗಾಗುತ್ತಲೇ ಅದರ ಅಡಿ ಸೇರುತ್ತವೆ, ಬೆಳಗ್ಗೆ ಮಗುಚಿ ಆರಿಸಬಹುದು. ಕೆಲವು ಬಸವನಹುಳುಗಳು ಮನುಷ್ಯರ ಮೆದುಳಿಗೆ ಹಾನಿ ಮಾಡಬಲ್ಲ ಪರೋಪಜೀವಿ ಹುಳುಗಳನ್ನು ಹೊತ್ತಿರುವುದರಿಂದ ಬರಿಗೈಯಿಂದ ಮುಟ್ಟಕೂಡದು. ಮಕ್ಕಳಿಗೂ ಇದನ್ನು ತಿಳಿಹೇಳಬೇಕು, ಹಸಿಯಾಗಿ ತಿನ್ನುವ ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸಿ ತೊಳೆಯಬೇಕು. ಅವುಗಳ ಮೇಲೆ ಉಪ್ಪು ಸುರಿಯುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಉಪ್ಪು ಮಣ್ಣಿನಲ್ಲಿ ಉಳಿದು ಗಿಡದ ಬೇರುಗಳಿಗೆ ಹಾನಿ ಮಾಡುತ್ತದೆ.

ಆರನೆಯ ಹಂತ: ಅಗತ್ಯವಿದ್ದರೆ ಮಾತ್ರ, ಸಂಜೆಯ ಸಿಂಪಡಣೆ

ನೀರಿನಿಂದ ತೊಳೆದ ಮೇಲೂ ಮುಂದಿನ ವಾರ ಕೀಟ ಹೆಚ್ಚಾಗಿಯೇ ಕಂಡರೆ ಸಿಂಪಡಣೆಗೆ ಇಳಿಯಬಹುದು. ಬಿಸಿಲಿರುವಾಗ ಸಿಂಪಡಿಸಿದರೆ ಎಲೆ ಸುಡುತ್ತದೆ, ಜೇನುನೊಣಗಳಿಗೂ ತೊಂದರೆಯಾಗುತ್ತದೆ. ಆದ್ದರಿಂದ ಸೂರ್ಯ ಇಳಿದ ಬಳಿಕ, ಗಾಳಿಯಿಲ್ಲದ ಹೊತ್ತಿನಲ್ಲಿ, ನೀರುಂಡ ಗಿಡಕ್ಕೆ ಮಾತ್ರ ಸಿಂಪಡಿಸಬೇಕು.

ಮೊದಲ ಆಯ್ಕೆ ಸಾಬೂನು ದ್ರಾವಣ. ಗಿಡಗಳಿಗೆಂದೇ ತಯಾರಾದ ಕೀಟನಾಶಕ ಸಾಬೂನು ಸಿಕ್ಕರೆ ಅದರ ಮೇಲಿನ ಅಳತೆಯನ್ನು ಅನುಸರಿಸಬೇಕು. ಇಲ್ಲವಾದರೆ ಬಣ್ಣ ಮತ್ತು ಸುಗಂಧ ಸೇರಿಸದ ಸೌಮ್ಯ ದ್ರವ ಸಾಬೂನನ್ನು ಒಂದು ಲೀಟರ್ ನೀರಿಗೆ 5 ಮಿಲಿಲೀಟರ್‌ನಂತೆ ಬೆರೆಸಬಹುದು. ಬಟ್ಟೆ ತೊಳೆಯುವ ಪುಡಿಯನ್ನು ಎಂದಿಗೂ ಬಳಸಬಾರದು, ಅದು ಎಲೆಯ ಮೇಲಿನ ಮೇಣದ ಪದರವನ್ನು ಕಿತ್ತುಹಾಕುತ್ತದೆ. ಸಾಬೂನು ಕೀಟದ ಮೈಗೆ ಹಸಿಯಾಗಿ ತಾಗಿದರೆ ಮಾತ್ರ ಕೊಲ್ಲುತ್ತದೆ, ಒಣಗಿದ ಮೇಲೆ ಅದಕ್ಕೆ ಶಕ್ತಿಯಿಲ್ಲ. ಎಲೆಯ ಅಡಿಭಾಗ ತೊಯ್ದು ತೊಟ್ಟಿಕ್ಕುವವರೆಗೆ ಸಿಂಪಡಿಸದಿದ್ದರೆ ಶ್ರಮವೆಲ್ಲ ವ್ಯರ್ಥ. ನೀರು ಗಡಸಾಗಿದ್ದರೆ ಸಾಬೂನು ಒಡೆದು ನೀರಿನ ಮೇಲೆ ಗಸಿ ತೇಲುತ್ತದೆ. ಅಂಥಲ್ಲಿ ಮಳೆನೀರು ಬಳಸುವುದು ಉತ್ತಮ. ಯಾವುದೇ ದ್ರಾವಣವನ್ನು ಮೊದಲು ಒಂದೆರಡು ಎಲೆಗಳಿಗೆ ಹಾಕಿ ಒಂದು ದಿನ ಕಾದು, ಎಲೆ ಸುಟ್ಟಿಲ್ಲವೆಂದು ಖಚಿತವಾದ ಮೇಲೆ ಇಡೀ ಗಿಡಕ್ಕೆ ಹಾಕಬೇಕು.

ಎರಡನೆಯದು ಬೇವಿನ ಎಣ್ಣೆ. 1959ರಲ್ಲಿ ಸುಡಾನಿನಲ್ಲಿ ಮಿಡತೆಗಳ ಹಿಂಡು ಹಸಿರನ್ನೆಲ್ಲ ತಿಂದುಹಾಕಿದಾಗ ಬೇವಿನ ಮರಗಳು ಮಾತ್ರ ಉಳಿದದ್ದನ್ನು ಜರ್ಮನಿಯ ಕೀಟಶಾಸ್ತ್ರಜ್ಞ ಹೈನ್‌ರಿಚ್ ಶ್ಮುಟರರ್ ಗಮನಿಸಿದರು. ಬೇವಿನ ಬಗ್ಗೆ ಆಧುನಿಕ ಸಂಶೋಧನೆ ಬಿರುಸಾಗಲು ಅದು ಕಾರಣವಾಯಿತು. ಅದರಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶವು ಕೀಟ ತಿನ್ನುವುದನ್ನು ತಡೆಯುತ್ತದೆ ಮತ್ತು ಅದು ಪೊರೆ ಕಳಚಿ ಬೆಳೆಯದಂತೆ ಮಾಡುತ್ತದೆ. ಹೀಗಾಗಿ ಸಿಂಪಡಿಸಿದ ಮರುದಿನವೇ ಕೀಟ ಸತ್ತು ಬೀಳಬೇಕೆಂದು ನಿರೀಕ್ಷಿಸಬಾರದು, ಪರಿಣಾಮ ಕಾಣಲು ಹಲವು ದಿನಗಳು ಬೇಕು. ಎಣ್ಣೆ ನೀರಿನಲ್ಲಿ ತಾನಾಗಿ ಬೆರೆಯುವುದಿಲ್ಲ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಮೊದಲು ಒಂದೆರಡು ಮಿಲಿಲೀಟರ್ ದ್ರವ ಸಾಬೂನು ಬೆರೆಸಿ, ಬಳಿಕ 5 ಮಿಲಿಲೀಟರ್ ಎಣ್ಣೆಯನ್ನು ನಿಧಾನವಾಗಿ ಸೇರಿಸಿ ಚೆನ್ನಾಗಿ ಕುಲುಕಬೇಕು. ಬೆರೆಸಿದ್ದನ್ನು ಅದೇ ಸಂಜೆ ಮುಗಿಸಬೇಕು. ಬಿಸಿಲಿಗೆ ಅದರ ಶಕ್ತಿ ಬೇಗ ಕುಂದುವುದರಿಂದ ವಾರಕ್ಕೊಮ್ಮೆಯಂತೆ ಎರಡು ಮೂರು ಬಾರಿ ಸಿಂಪಡಿಸಬೇಕಾಗುತ್ತದೆ.

ಮರಿಹುಳುಗಳ ಹಾವಳಿ ಕೈ ಮೀರಿದಾಗ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಆಧಾರಿತ ಪುಡಿ ಉಪಯುಕ್ತ. 1901ರಲ್ಲಿ ಜಪಾನಿನಲ್ಲಿ ರೋಗಗ್ರಸ್ತ ರೇಷ್ಮೆ ಹುಳುಗಳಲ್ಲಿ ಮೊದಲು ಕಂಡುಬಂದ ಈ ಬ್ಯಾಕ್ಟೀರಿಯಾವನ್ನು ಎಲೆಯೊಂದಿಗೆ ತಿಂದ ಎಳೆಯ ಹುಳುಗಳು ತಿನ್ನುವುದನ್ನು ನಿಲ್ಲಿಸಿ ಕೆಲವು ದಿನಗಳಲ್ಲಿ ಸಾಯುತ್ತವೆ. ಇದು ಬಲಿತ ಹುಳುಗಳ ಮೇಲೆ ಅಷ್ಟಾಗಿ ನಾಟುವುದಿಲ್ಲ, ಗಿಡಹೇನಿನಂತಹ ರಸ ಹೀರುವ ಕೀಟಗಳ ಮೇಲೆ ಕೆಲಸ ಮಾಡುವುದೇ ಇಲ್ಲ. ಹುಳುಗಳಿಗೆಂದು ತಯಾರಾದ ಪುಡಿಯು ಕೆಡುಕಿನ ಹುಳುವಿಗೂ ಸುಂದರ ಚಿಟ್ಟೆಯ ಮರಿಗೂ ಭೇದ ಮಾಡದಿರುವುದರಿಂದ ಬಾಧೆಯಿರುವ ಗಿಡಕ್ಕೆ ಮಾತ್ರ ಅದನ್ನು ಹಾಕಬೇಕು.

ಏಳನೆಯ ಹಂತ: ಕೀಟ ಮರಳದಂತೆ ನೋಡಿಕೊಳ್ಳುವುದು

ಮರುದಿನದ ಬಿಡುವಿನಲ್ಲಿ ಕೀಟವನ್ನು ಬಿಟ್ಟು ಗಿಡದ ಆರೈಕೆಯತ್ತ ಗಮನ ಹರಿಸಬಹುದು. ಸಾರಜನಕ ಹೆಚ್ಚಿರುವ ಗೊಬ್ಬರವನ್ನು ಅತಿಯಾಗಿ ಕೊಟ್ಟ ಗಿಡಗಳು ಮೃದುವಾದ ಚಿಗುರುಗಳನ್ನು ತಳೆದು ಗಿಡಹೇನುಗಳನ್ನು ಕರೆದು ತರುತ್ತವೆ. ಗೊಬ್ಬರವನ್ನು ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಕೊಡುವುದು ಒಳ್ಳೆಯದು. ನೀರಿಲ್ಲದೆ ಬಾಡಿದ ಗಿಡಗಳಲ್ಲಿ ನುಸಿ ಹೆಚ್ಚುತ್ತದೆ. ಕುಂಡದ ಮಣ್ಣು ಸದಾ ಒದ್ದೆಯಾಗಿದ್ದರೆ ಸಣ್ಣ ಕಪ್ಪು ನೊಣಗಳು ಅಲ್ಲಿ ಮೊಟ್ಟೆಯಿಡುತ್ತವೆ, ಮೇಲಿನ ಎರಡು ಮೂರು ಸೆಂಟಿಮೀಟರ್ ಮಣ್ಣು ಒಣಗಿದ ಮೇಲೆ ನೀರುಣಿಸಿದರೆ ಅವು ತಾವಾಗಿ ಕಡಿಮೆಯಾಗುತ್ತವೆ. ಸಂಜೆಯ ಬದಲು ಬೆಳಗ್ಗೆ ನೀರು ಹಾಕಿದರೆ ರಾತ್ರಿ ನೆಲ ಒಣಗಿದ್ದು ಬಸವನಹುಳುಗಳ ಓಡಾಟಕ್ಕೆ ಅಡ್ಡಿಯಾಗುತ್ತದೆ.

ಹೊಸದಾಗಿ ತಂದ ಗಿಡವನ್ನು ನೇರವಾಗಿ ಉಳಿದ ಗಿಡಗಳ ನಡುವೆ ಇಡಬಾರದು. ಎರಡು ವಾರ ದೂರವಿಟ್ಟು, ಎರಡು ಬಾರಿ ಮೇಲೆ ಹೇಳಿದ ಕ್ರಮದಲ್ಲಿ ಪರೀಕ್ಷಿಸಿ, ಕುಂಡದ ಅಡಿಯ ರಂಧ್ರಗಳನ್ನೂ ನೋಡಿ ಒಳಗೆ ಸೇರಿಸಬೇಕು. ಮನೆಯೊಳಗಿನ ಗಿಡಗಳಿಗೆ ಹಿಟ್ಟು ತಿಗಣೆ ಬರುವುದು ಬಹುಮಟ್ಟಿಗೆ ಈ ಒಂದು ದಾರಿಯಿಂದಲೇ. ತರಕಾರಿ ಸಸಿಗಳನ್ನು ನೆಟ್ಟ ದಿನವೇ ಸಣ್ಣ ಕಣ್ಣಿನ ಬಲೆಯಿಂದ ಮುಚ್ಚಿದರೆ ಚಿಟ್ಟೆ, ಪತಂಗಗಳು ಮೊಟ್ಟೆಯಿಡಲಾರವು. ಆದರೆ ಪರಾಗಸ್ಪರ್ಶಕ್ಕೆ ಜೇನನ್ನು ಅವಲಂಬಿಸಿದ ಬಳ್ಳಿಗಳು ಹೂ ಬಿಟ್ಟೊಡನೆ ಬಲೆಯನ್ನು ತೆರೆಯಲೇಬೇಕು.

ಎಂಟನೆಯ ಹಂತ: ಗಿಡವನ್ನು ಕೈಬಿಡುವ ನಿರ್ಧಾರ

ಮೂರು ನಾಲ್ಕು ವಾರಗಳ ಟಿಪ್ಪಣಿಯಲ್ಲಿ ಒಂದೇ ಗಿಡದ ಹೆಸರು ಪದೇ ಪದೇ ಬರುತ್ತಿದ್ದು, ಪ್ರತಿ ವಾರವೂ ಬಾಧೆ ಏರುತ್ತಲೇ ಇದ್ದರೆ ಆ ಗಿಡವನ್ನು ತೆಗೆಯುವುದೇ ಮಿಕ್ಕ ಗಿಡಗಳಿಗೆ ಹಿತ. ಗಿಡಹೇನು ಮತ್ತು ಬಿಳಿ ನೊಣಗಳು ಹಲವು ನಂಜಾಣು (ವೈರಸ್) ರೋಗಗಳನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹರಡುತ್ತವೆ. ಎಲೆಗಳು ಹಳದಿ ಹಸಿರು ಮಚ್ಚೆಗಳಿಂದ ಕೂಡಿ ಗಿಡ ಗಿಡ್ಡಗಾಗಿದ್ದರೆ ಅದು ನಂಜಾಣು ರೋಗವಾಗಿರುವ ಸಾಧ್ಯತೆ ಹೆಚ್ಚು, ಅದಕ್ಕೆ ಔಷಧಿಯಿಲ್ಲ. ಅಂತಹ ಗಿಡವನ್ನು ಕೀಟಗಳು ಹಾರಿ ಚದುರದಂತೆ ಬೆಳಗಿನ ತಂಪಿನಲ್ಲಿ ಚೀಲದಿಂದ ಮುಚ್ಚಿ, ಬೇರುಸಹಿತ ಕಿತ್ತು, ಚೀಲದ ಬಾಯಿ ಕಟ್ಟಿ ಕಸಕ್ಕೆ ಹಾಕಬೇಕು. ಮನೆಯ ಗೊಬ್ಬರದ ಗುಂಡಿಗೆ ಹಾಕಬಾರದು. ಕತ್ತರಿಯನ್ನೂ ಕೈಗವಸುಗಳನ್ನೂ ಸಾಬೂನಿನಿಂದ ತೊಳೆದು ಒಣಗಿಸಿದ ಬಳಿಕ ಮುಂದಿನ ಗಿಡವನ್ನು ಮುಟ್ಟಬೇಕು. ಖಾಲಿಯಾದ ಜಾಗದಲ್ಲಿ ಅದೇ ಜಾತಿಯ ಗಿಡವನ್ನು ಮತ್ತೆ ನೆಡದೆ ಬೇರೆ ಕುಟುಂಬಕ್ಕೆ ಸೇರಿದ ಸಸಿಯೊಂದನ್ನು ನೆಟ್ಟು, ಅದರ ಹೆಸರನ್ನೂ ನೆಟ್ಟ ದಿನಾಂಕವನ್ನೂ ನೋಟ್ ಪುಸ್ತಕದಲ್ಲಿ ಬರೆದಿಡಬೇಕು.